ಹೊಲದಲ್ಲಿ ಕುಬಸ ಮಾಡಿದ ನಮ್ಮತ್ತೆ

ನಮ್ಮ ಅತ್ತೆಗೆ ಓದಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿರಲಿಲ್ಲ. ಆದರೆ ಇಡೀ ಸುರಪುರ ತಾಲೂಕಿನಲ್ಲಿ ಅವರಷ್ಟು ಕಾಯಿದೆ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೀಗೆಂದು ಹೇಳಿದವರು ಯಾರು ಅಂತೀರಾ? ಅವರೇ! ಅವರ ಕಾಯಿದೆ ಬೇರೆ, ಕೋರ್ಟಿನ ಕಾಯಿದೆ ಬೇರೆ ಎಂದು ಅವರಿಗೆ ತಿಳಿಸಿ ಹೇಳುವ ಧೈರ್ಯ ನಮ್ಮ ಮಾವನವರಿಗೇ ಇರಲಿಲ್ಲ. ಇನ್ನು ಹೊಸದಾಗಿ ಬಂದ ಸೊಸೆ ನಾನು ಯಾವ ಲೆಕ್ಕ?

ನಾನು ಯಾದಗಿರಿಯಿಂದ ಶಹಾಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದದ್ದು ನಿಜಾಮರ ಆಡಳಿತ ಮುಗಿದು ಇನ್ನೂ ಹೆಚ್ಚು ಕಾಲವಾಗಿರದ ದಿನಗಳಲ್ಲಿ. ಕಚೇರಿಯ ಮೇಲಿನ ಬಾವುಟ ಬದಲಾಗಿತ್ತು, ಒಳಗಿನ ಭಾಷೆ ಇನ್ನೂ ಬದಲಾಗಿರಲಿಲ್ಲ. ಕಾಗದ ಬಂದರೆ ಉರ್ದುವಿನಲ್ಲಿ ಬರುತ್ತಿತ್ತು, ಅದನ್ನು ಕೇಳಿ ಹೆದರುವುದು ಕನ್ನಡದಲ್ಲಿ ನಡೆಯುತ್ತಿತ್ತು. ನಾನು ಯಾದಗಿರಿಯ ಸಾಲೆಯಲ್ಲಿ ಒಂದಿಷ್ಟು ಉರ್ದು ಕಲಿತಿದ್ದೆ. ಅದೇ ನನ್ನ ದೊಡ್ಡ ಬಳುವಳಿ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ತಂದ ತಾಮ್ರದ ಹಂಡೆಯನ್ನು ಮಾತ್ರ ಒಮ್ಮೆಯೂ ಹೊಗಳಲಿಲ್ಲ.

ಅತ್ತೆ ಅವರ ತಂದೆಗೆ ಒಬ್ಬಳೇ ಮಗಳು. ತವರು ರಂಗಂಪೇಟೆಯ ಆಚೆಗಿನ ಒಂದು ಸಣ್ಣ ಊರು. ಅಲ್ಲಿ ಅವರ ತಂದೆಗೂ ತಂದೆಯ ತಮ್ಮನಿಗೂ ಒಳ್ಳೆಯ ಎರೆಭೂಮಿ ಇತ್ತು. ತಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದ. ಅವನ ಹೆಂಡತಿ, ಅಂದರೆ ಅತ್ತೆಯ ಚಿಗವ್ವ, ಮತ್ತು ಆಕೆಯ ಒಬ್ಬ ಮಗ ಉಳಿದಿದ್ದರು. ರಜಾಕಾರರ ಗಲಾಟೆಯ ಕಾಲಕ್ಕೆ ಊರಿನ ಅರ್ಧ ಜನ ನಿಜಾಮರ ಗಡಿ ದಾಟಿ ಆಚೆಯ ಸೀಮೆಗೆ ಹೋದಾಗ ತಾಯಿ ಮಗ ಇಬ್ಬರೂ ಹೋದರು. ಅತ್ತೆಯ ತಂದೆ ಹೋಗಲಿಲ್ಲ. ಬೆಳೆ ನಿಂತಿದೆ, ಬಿಟ್ಟು ಹೇಗೆ ಬರಲಿ ಎಂದರಂತೆ. ಆ ಗದ್ದಲದಲ್ಲೇ ಮನೆಗೆ ಬೆಂಕಿ ಬಿತ್ತು. ಅವರು ಹೊಲದ ಗುಡಿಸಲಲ್ಲಿ ಮಲಗಿ, ಜ್ವರ ಬಂದು, ಅಲ್ಲೇ ಕಣ್ಣು ಮುಚ್ಚಿದರು. ಸುದ್ದಿ ತಿಳಿದು ಅತ್ತೆ ಶಹಾಪುರದ ಕಡೆಯಿಂದ ಓಡಿ ಹೋಗಿ ಮಣ್ಣು ಕೊಟ್ಟು ಬಂದರು.

ಗಲಾಟೆ ಅಡಗಿದ ಮೇಲೆ, ಬೀಳು ಬಿದ್ದಿದ್ದ ತಂದೆಯ ಹೊಲವನ್ನು ಅತ್ತೆ ಬಿತ್ತಿಸಿದರು. ಆಗ ಗಡಿ ದಾಟಿ ಹೋಗಿದ್ದ ಚಿಗವ್ವನ ಮಗ ಮರಳಿ ಬಂದಿದ್ದ. ಅತ್ತೆಗೆ ಅವನು ತಮ್ಮನಾಗಬೇಕು. ಬದುವಿನ ಮೇಲೆ ನಿಂತು ಬಹಳ ಪ್ರೀತಿಯಿಂದಲೇ ಮಾತಾಡಿದ.

"ಅಕ್ಕಾ, ಹೆಣ್ಣಮಕ್ಕಳಿಗಿ ಹೊಲ ಯಾತಕ್ಕ ಬೇಕು? ವರ್ಷಾ ಪಂಚಮಿಗಿ ಕರಕೊಂಡು ಬರ್ತೀನಿ, ಸೀರಿ ಉಡಸ್ತೀನಿ. ಇದರ ತಂಟಿ ಬಿಡು."

"ಸೀರಿ ಉಟಗೊಂಡೇ ಬಿತ್ತೀನಪ," ಅಂದರು ಅತ್ತೆ. "ಜ್ವಾಳ ರಾಶಿ ಆಗಲಿ, ಆಮ್ಯಾಲ ಮಾತಾಡೂಣು."

ಅವನು ರಾಶಿಯವರೆಗೆ ಕಾಯಲಿಲ್ಲ. ಜೋಳ ಮೊಳಕಾಲೆತ್ತರ ಬರುವಷ್ಟರಲ್ಲಿ ಸುರಪುರದ ಮುನ್ಸಿಫ್ ಕೋರ್ಟಿನಿಂದ ನೋಟೀಸು ಬಂತು. ಅತ್ತೆ ರೊಟ್ಟಿ ತಟ್ಟುತ್ತಿದ್ದರು. "ಓದವ್ವಾ," ಅಂದರು. ನಾನು ಒಲೆಯ ಮುಂದೆ ಕೂತು ಓದಿದೆ. ಹೊಲ ತನ್ನದು, ಅಕ್ಕ ಬಂದು ಕೂತಿದ್ದಾಳೆ, ಬಿಡಿಸಿಕೊಡಬೇಕು ಎಂದು ತಮ್ಮ ಬರೆಸಿದ್ದ. ನಡುವೆ ಒಂದು ಮಾತು ಬಂತು, ಲಾವಲ್ದ್. ನಾನು ಅದನ್ನು ನುಂಗಿಕೊಂಡು ಮುಂದಕ್ಕೆ ಹೋದೆ. ಅತ್ತೆಯ ಕಿವಿ ಬಹಳ ಚುರುಕು.

"ಅದೇನು ತಡವರಿಸಿದಿ, ಹೇಳು."

"ನಿಮ್ಮಪ್ಪಾರು ಲಾವಲ್ದ್ ತೀರಿಕೊಂಡಾರ ಅಂತ ಬರದಾರ್ರಿ."

"ಹಂಗಂದ್ರ?"

"ಮಕ್ಕಳಿಲ್ಲದ ತೀರಿಕೊಂಡ್ರು ಅಂತ."

ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವ ವಾಸನೆ ಬಂದರೂ ಅತ್ತೆ ಕೈ ಚಾಚಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾದ್ರ ಇಲ್ಲಿ ಕುಂತು ರೊಟ್ಟಿ ತಟ್ಟಾಕಿ ಯಾರು?" ಉತ್ತರಕ್ಕೆ ಕಾಯದೆ ಮತ್ತೆ ತಟ್ಟತೊಡಗಿದರು. ಆ ದಿನದ ರೊಟ್ಟಿಗಳು ಎಷ್ಟು ತೆಳ್ಳಗೆ ಬಂದಿದ್ದವು ಎಂದರೆ, ಹಿಡಿದು ನೋಡಿದರೆ ಆಚೆಗಿನ ಮಾವನವರು ಕಾಣುತ್ತಿದ್ದರು.

ಅಲ್ಲಿಂದ ಶುರುವಾಯಿತು ನೋಡಿ. ಸುರಪುರದಲ್ಲಿ ಒಬ್ಬ ವಯಸ್ಸಾದ ವಕೀಲರನ್ನು ಹಿಡಿದೆವು. ಅವರು ಉರ್ದುವಿನಲ್ಲಿ ಓದುತ್ತಿದ್ದರು, ಕನ್ನಡದಲ್ಲಿ ವಾದಿಸುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಮರಾಠಿಯಲ್ಲಿ ಬಯ್ಯುತ್ತಿದ್ದರು. ಅವರು ಅತ್ತೆಗೆ ಬಿಡಿಸಿ ಹೇಳಿದರು: "ನೋಡವ್ವಾ, ನಿಮ್ಮಪ್ಪ, ನಿಮ್ಮ ಕಾಕಾ ಕಡೀತನಕ ಒಟ್ಟಿಗೇ ಇದ್ರು ಅಂದ್ರ ಹೊಲ ಎಲ್ಲಾ ಆ ಹುಡುಗಗ ಹೋಗ್ತದ. ಅಣ್ಣತಮ್ಮ ಬ್ಯಾರೆ ಆಗಿದ್ರು, ಪಾಲಾಗಿತ್ತು ಅಂದ್ರ ನಿಮ್ಮಪ್ಪನ ಪಾಲು ನಿಮಗ. ಬ್ಯಾರೆ ಆಗಿದ್ದಕ್ಕ ಕಾಗದ ಅದ ಏನು?"

ಕಾಗದ ಎಲ್ಲಿಂದ ಬರಬೇಕು? ಬಾಯಿಮಾತಿನಲ್ಲಿ ಆದ ಪಾಲು. ನೋಡಿದ ಹಿರಿಯರು ತೀರಿಹೋಗಿದ್ದರು. ಎರಡು ಒಲೆ ಇದ್ದವು ಎಂದು ತೋರಿಸೋಣವೆಂದರೆ ಮನೆಯೇ ಸುಟ್ಟುಹೋಗಿತ್ತು. ವಕೀಲರು ಗಡ್ಡ ಕೆರೆದುಕೊಂಡರು. "ಇರಲಿ. ಮಾಲ್ಕಿ ಯಾರದು ಅನ್ನೋದು ಕೋರ್ಟು ನೋಡಿಕೊಳ್ತದ. ಕಬ್ಜಾ ಸದ್ಯ ನಿಮ್ಮದದ. ಹೊಲ ಮಾತ್ರ ಬಿಡಬ್ಯಾಡ್ರಿ."

ಪಾಪ, ವಕೀಲರು ನಾಲಿಗೆಯ ತುದಿಯಿಂದ ಹೇಳಿದ ಮಾತು! ಅತ್ತೆ ಅದನ್ನು ಅಕ್ಷರಶಃ ಹಿಡಿದರು. ಹೊಲ ಬಿಡಬಾರದು ಎಂದರೆ ಹೊಲ ಬಿಟ್ಟು ಕದಲಬಾರದು. ವಾರದೊಳಗೆ ಅಲ್ಲೊಂದು ಗುಡಿಸಲು ಎದ್ದಿತು. ಹೊರಸು ಬಂತು, ಬೀಸುವ ಕಲ್ಲು ಬಂತು, ಕೋಳಿಗಳು ಬಂದವು, ನಾನೂ ಬಂದೆ. ಶಹಾಪುರದ ಕಡೆಯ ಮನೆಗೆ ನೆಂಟರು ಬಂದರೆ ಮಾವನವರು ಅವರನ್ನು ಹೊಲಕ್ಕೆ ಕಳಿಸುತ್ತಿದ್ದರು. "ನಮ್ಮಾಕಿ ತವರಿಗಿ ಹೋಗ್ಯಾಳ. ಅಲ್ಲಿ ಮನಿ ಇಲ್ಲ, ಮಾಡಿಲ್ಲ. ಜ್ವಾಳದಾಗ ಹುಡುಕ್ರಿ," ಅನ್ನುತ್ತಿದ್ದರು.

ದಾರಿಯಲ್ಲಿ ಹೋಗುವವರನ್ನೂ ಅತ್ತೆ ಬಿಡುತ್ತಿರಲಿಲ್ಲ. ಬಳೆಗಾರ, ಕಂಬಳಿ ಮಾರುವವ, ಅಬ್ಬೆತುಮಕೂರಿನ ಮಠಕ್ಕೆ ನಡೆದು ಹೊರಟವರು, ಎಲ್ಲರನ್ನೂ ಕರೆದು ರೊಟ್ಟಿ ಕೊಟ್ಟು ನೀರು ಕೊಟ್ಟು ಕೊನೆಗೆ ಒಂದೇ ಮಾತು: "ನೆಪ್ಪಿಡ್ರಿ. ಯಾರ ಹೊಲದಾಗ ನೀರು ಕುಡದ್ರಿ?" ಮಠಕ್ಕೆ ಹೊರಟವರು ದೇವರ ಹೆಸರಿನ ಜೊತೆಗೆ ಅತ್ತೆಯ ಹೆಸರನ್ನೂ ಹೇಳಿಕೊಳ್ಳುತ್ತ ಹೋಗಬೇಕಾಯಿತು.

ಆಗ ನಾನು ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮಾಡುವ ತಿಂಗಳು ಬಂತು. ಯಾದಗಿರಿಯಿಂದ ನಮ್ಮಪ್ಪ ಹಸಿರು ಸೀರೆ, ಬಳೆ, ಬುಟ್ಟಿ ತುಂಬ ತಿಂಡಿ ಹೊತ್ತುಕೊಂಡು ಬಂದರು. ನೋಡುತ್ತಾರೆ, ಕಣ್ಣು ಹರಿಯುವವರೆಗೂ ಜೋಳ!

"ಬೀಗಿತಿ, ಮನಿ ಎಲ್ಲದ್ರಿ?" ಅಂದರು.

"ನಿಂತೀರಲ್ರಿ, ಇದೇ ಪಡಸಾಲಿ. ಆ ಬದುವಿನ ಆಚಿಗಿ ಅಡಿಗಿಮನಿ. ಕೂಡ್ರಿ," ಅಂದರು ಅತ್ತೆ.

ಅಂದು ಎಳ್ಳಮಾಸಿ. ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಅಂದರೆ ಎಡೆಯ ಅನ್ನ ಎರಚಿ, ಬಸುರಿ ಭೂಮಿತಾಯಿಗೆ ಉಣಿಸುವ ದಿನ. ಅತ್ತೆ ಸುತ್ತಲಿನ ಊರುಗಳಿಗೆಲ್ಲ ಹೇಳಿ ಕಳಿಸಿದ್ದರು. ಸಜ್ಜೆ ರೊಟ್ಟಿ, ಎಣಗಾಯಿ, ಭಜ್ಜಿ, ಶೇಂಗಾ ಹೋಳಿಗೆ. ನನ್ನನ್ನು ಜೋಳದ ಸಾಲಿನ ನಡುವೆ ಮಣೆ ಹಾಕಿ ಕೂಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತಿದರು. ಉಣ್ಣಲು ಕೂತವರ ಸಾಲಿನಲ್ಲಿ ಅತ್ತೆ ಹೋಳಿಗೆಯ ಬುಟ್ಟಿ ಹಿಡಿದು ಬಂದರು. ಮೊದಲನೆಯ ಹೋಳಿಗೆ ಸುಮ್ಮನೆ ಬೀಳುತ್ತಿತ್ತು. ಎರಡನೆಯದಕ್ಕೆ ಪರೀಕ್ಷೆ ಇತ್ತು.

"ಯಾರ ಹೊಲದಾಗ ಉಣ್ಣಾಕತ್ತಿ?"

"ನಿನ್ನ ಹೊಲದಾಗವ್ವ."

ಆಮೇಲೆ ಹೋಳಿಗೆ ಎಲೆಗೆ ಬೀಳುತ್ತಿತ್ತು, ತುಪ್ಪವೂ ಬೀಳುತ್ತಿತ್ತು. ಇಂಥ ಸಾಕ್ಷಿಗಳನ್ನು ಯಾವ ವಕೀಲ ತಯಾರು ಮಾಡಿಯಾನು?

ಸುದ್ದಿ ಚಿಗವ್ವನ ಮಗನಿಗೆ ಹೋಯಿತು. ಅವನೇನು ಕಡಿಮೆಯೇ? ಅಕ್ಕನ ತಮ್ಮನೇ ತಾನೆ! ಅವನ ಹೆಂಡತಿಗೆ ಆಗಷ್ಟೇ ಗಂಡುಮಗು ಹುಟ್ಟಿತ್ತು. ಮಗುವಿನ ಹೆಸರಿಡುವ ಕಾರ್ಯವನ್ನು ಅವನು ಅದೇ ಹೊಲದ ಇನ್ನೊಂದು ತುದಿಯಲ್ಲಿ ಇಟ್ಟುಕೊಂಡ. ಬೇವಿನ ಟೊಂಗೆಗೆ ತೊಟ್ಟಿಲು ಕಟ್ಟಿಸಿದ. ಉಂಡವರೇ ಮತ್ತೆ ಬಂದು ಉಂಡರು. ಆ ವರ್ಷ ಆ ಸೀಮೆಯ ಜನ ಈ ದಾವೆ ಬೇಗ ಮುಗಿಯದಿರಲಿ ಎಂದು ಹರಕೆ ಹೊತ್ತಿದ್ದರೆ ನನಗೆ ಆಶ್ಚರ್ಯವಿಲ್ಲ.

ಆದರೆ ಒಂದು ತೊಡಕಿತ್ತು. ಕೂಸಿಗೆ ಹೆಸರಿಡಲು ಸೋದರತ್ತೆ ಬೇಕು. ಅವನಿಗೆ ಇದ್ದದ್ದು ಒಬ್ಬಳೇ ಅಕ್ಕ, ಅವಳ ಮೇಲೆಯೇ ದಾವೆ. ಏನು ಮಾಡುತ್ತಾನೆ? ಬಂದು ಗುಡಿಸಲಿನ ಮುಂದೆ ನಿಂತ.

"ಅಕ್ಕಾ, ಕೂಸಿಗಿ ಹೆಸರಿಡಬೇಕು. ಬಾ."

"ಕೋರ್ಟಿನಾಗ ಇದಕ್ಕೇನರ ಅಡ್ಡಿ ಅದ ಏನು?"

"ಇಲ್ಲ. ವಕೀಲರಿಗಿ ಕೇಳಿ ಬಂದೀನಿ."

ಅತ್ತೆ ಹೊಸ ಸೀರೆ ಉಟ್ಟು, ಕೂಸಿಗೆ ಅಂಗಿ ಕುಂಚಿಗೆ ತೆಗೆದುಕೊಂಡು ಹೋದರು. ತೊಟ್ಟಿಲ ಮೇಲೆ ಬಾಗಿ ಕಿವಿಯಲ್ಲಿ ಹೆಸರು ಊದಿದರು. ಆಮೇಲೆ ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು. ಅದು ಅತ್ತೆಯ ತಂದೆಯ ಹೆಸರು! ದೊಡ್ಡಪ್ಪನ ಹೆಸರು ಬೇಡ ಎಂದು ಅಷ್ಟು ಜನರ ಮುಂದೆ ತಮ್ಮ ಹೇಗೆ ಹೇಳುತ್ತಾನೆ? ಅಂದಿನಿಂದ ಅವನು ಯಾರನ್ನು ಮಕ್ಕಳಿಲ್ಲದವರು ಎಂದು ಬರೆಸಿದ್ದನೋ ಅವರ ಹೆಸರನ್ನು ಬೆಳಗಿನಿಂದ ಸಂಜೆಯವರೆಗೆ ಅವನೇ ಕೂಗಬೇಕಾಯಿತು.

ನನಗೆ ಹೆಣ್ಣುಮಗು ಹುಟ್ಟಿತು. "ಇನ್ನೊಬ್ಬಾಕಿ ಮಾಲಕಿ ಬಂದಳು," ಎಂದು ಅತ್ತೆ ಸಕ್ಕರೆ ಹಂಚಿದರು. ದಾವೆ ನಿಧಾನವಾಗಿ ಮುಂದೆ ಸಾಗಿತ್ತು.

ಮುನ್ಸಿಫ್ ಸಾಹೇಬರು ಹೈದರಾಬಾದಿನವರು. ಮನೆಮಾತು ಉರ್ದು. ಜನರ ಮಾತು ತಿಳಿಯಬೇಕೆಂದು ದಿನಾ ಬೆಳಿಗ್ಗೆ ಒಬ್ಬ ಮಾಸ್ತರರಿಂದ ಕನ್ನಡ ಹೇಳಿಸಿಕೊಳ್ಳುತ್ತಿದ್ದರಂತೆ. ಹೀಗಾಗಿ ಇಡೀ ಕೋರ್ಟಿನಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಅತ್ತೆಯ ಸಾಕ್ಷಿಯ ದಿನ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ ಎಂದಾಗ ಅತ್ತೆ ಒಂದು ತಕರಾರು ಎತ್ತಿದರು. "ಮಾಡ್ತೀನ್ರಿ. ಆದ್ರ ಇಲ್ಲಿ ಮಾತಾಡೂದೆಲ್ಲಾ ವಕೀಲರು. ಪ್ರಮಾಣ ನಮಗಷ್ಟೇ ಯಾಕ್ರಿ?" ಸಾಹೇಬರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕರು. ವಕೀಲರಿಬ್ಬರೂ ನಗಲಿಲ್ಲ.

ಎದುರಿನ ವಕೀಲರು ಕುಬಸದ ವಿಷಯ ಎತ್ತಿದರು. "ಯಾರಾದರೂ ಸೊಸಿ ಕುಬಸ ಹೊಲದಾಗ ಮಾಡ್ತಾರೇನು? ಬರೇ ಕಬ್ಜಾ ತೋರ್ಸಾಕ ಮಾಡಿದ ನಾಟಕ ಹೌದಿಲ್ಲೊ?"

ಅತ್ತೆ ಸಾಹೇಬರ ಕಡೆ ತಿರುಗಿದರು. "ಸಾಹೇಬ್ರ, ಎಳ್ಳಮಾಸಿಗಿ ಜ್ವಾಳ ಹೊಡಿ ತುಂಬಿತ್ರಿ, ತೆನಿ ಹೊಟ್ಟ್ಯಾಗಿತ್ತು. ಸೊಸಿಗೂ ತಿಂಗಳು ತುಂಬಿದ್ವು. ಇಬ್ಬರೂ ಬಸರಿ. ಒಬ್ಬಾಕಿಗಿ ಉಡಿ ತುಂಬಿ ಇನ್ನೊಬ್ಬಾಕಿಗಿ ಬಿಡೂದು ಹ್ಯಾಂಗ್ರಿ? ಆಕಿ ನಡದು ಬರಾಂಗಿಲ್ಲ. ಅದಕ್ಕ ಈಕಿನ್ನ ಕರಕೊಂಡು ಹೋಗೀನಿ."

ಸಾಹೇಬರು ಅದನ್ನು ಉರ್ದುವಿನಲ್ಲಿ ಬರೆದುಕೊಳ್ಳುತ್ತ ಒಂದು ಕಡೆ ಲೇಖನಿ ನಿಲ್ಲಿಸಿ, ಕಿಟಕಿಯಾಚೆ ನೋಡಿ, ಮತ್ತೆ ಬರೆದರು.

ಆದರೂ ನಮ್ಮ ವಕೀಲರ ಮುಖ ಅರಳಲಿಲ್ಲ. ಕಬ್ಜಾ ಸರಿ, ಅಣ್ಣತಮ್ಮ ಬೇರೆಯಾಗಿದ್ದರು ಎಂದು ಹೇಳುವವರು ಯಾರು? ಆ ಕಾಲ ಕಂಡವರಲ್ಲಿ ಬದುಕಿದ್ದವಳು ಚಿಗವ್ವ ಒಬ್ಬಳೇ. ಅವಳು ಎದುರಿನವನ ತಾಯಿ, ಎದುರಿನವನ ಸಾಕ್ಷಿ. ದಾರಿಯುದ್ದಕ್ಕೂ ಮಗ ಅವಳಿಗೆ ಪಾಠ ಹೇಳಿಕೊಡುತ್ತಲೇ ಬಂದಿದ್ದ. ಎಲ್ಲರೂ ಒಟ್ಟಿಗೇ ಇದ್ದೆವು, ಒಂದೇ ಒಲೆ, ಅಷ್ಟು ಹೇಳಿದರೆ ಸಾಕು. ಒಣಗಿದ ಮೆಣಸಿನಕಾಯಿಯಂಥ ಮುದುಕಿ ಕಟಕಟೆಯಲ್ಲಿ ನಿಂತಳು.

ಅವಳ ಕಡೆಯ ವಕೀಲರು ಕೇಳಿದರು. "ನಿಮ್ಮ ಮನಿಯವರು, ನಿಮ್ಮ ಭಾವ, ಒಟ್ಟಿಗೇ ಇದ್ರಲ್ಲವ್ವ?"

"ಒಟ್ಟಿಗೇ ಇದ್ರು."

"ಒಂದೇ ಒಲಿ?"

"ಒಂದೇ ಒಲಿ."

"ಅಡಿಗಿ ಯಾರು ಮಾಡ್ತಿದ್ರು?"

ಮುದುಕಿಯ ಮುಖ ಸ್ವಲ್ಪ ಬಿಗಿಯಿತು. "ನೆಗೆಣ್ಣಿ ಮಾಡ್ತಿದ್ಲು." ಅಂದರೆ ನಮ್ಮ ಅತ್ತೆಯ ತೀರಿಹೋದ ತಾಯಿ.

"ನೀವು ಆಕಿ ಕೈಯಾಗ ಉಣ್ತಿದ್ರಿ?"

"ಹೂಂ," ಎಂಬ ಶಬ್ದ ಬಂತೋ ಇಲ್ಲವೋ, ನಮ್ಮ ಅತ್ತೆ ಎದ್ದು ನಿಂತರು. ಅವರ ಮುಖದಲ್ಲಿ ಬೆಳಕೇ ಬೆಳಕು. "ಸಾಹೇಬ್ರ, ಇದನ್ನ ಬರಕೋರ್ರಿ. ಇಷ್ಟು ವರ್ಷಕ್ಕ ಇವತ್ತು ಒಪ್ಪಿದಳು. ನಮ್ಮವ್ವನ ಅಡಿಗಿ ಉಂಡೇ ಈಕಿ ಇನ್ನಾ ಗಟ್ಟಿ ಅದಾಳ."

"ನೀವು ಕುಳಿತುಕೊಳ್ಳಿ," ಅಂದರು ಸಾಹೇಬರು. ಆದರೆ ಹೊತ್ತು ಮೀರಿತ್ತು. ಮುದುಕಿ ಕಟಕಟೆಯಲ್ಲೇ ಪೂರಾ ತಿರುಗಿ ಅತ್ತೆಯ ಎದುರಾದಳು.

"ಯಾರು ಉಂಡಾರ ನಿಮ್ಮವ್ವನ ಅಡಿಗಿ? ಉಪ್ಪು ಹಾಕಿದ್ರ ಖಾರ ಇಲ್ಲ, ಖಾರ ಹಾಕಿದ್ರ ಉಪ್ಪಿಲ್ಲ. ಆಕಿ ಪುಂಡಿಪಲ್ಯ ಎಮ್ಮಿ ಸೈತ ಮೂಸ್ತಿದ್ದಿಲ್ಲ. ನಾ ಆ ಮನಿಗಿ ಬಂದ ವರ್ಷ ಉಂಡದ್ದೇ ಕಡಿ. ಮರು ಉಗಾದಿಗಿ ನನ್ನ ಒಲಿ ನಾ ಹೂಡೀನಿ. ನಮ್ಮ ಮನಿಯವರಿಗಿ ಹೇಳಿ ಎತ್ತು ಪಾಲು ಮಾಡಸೀನಿ, ಹೊಲ ಪಾಲು ಮಾಡಸೀನಿ, ಉಪ್ಪಿನ ಗಡಿಗಿ ಸೈತ ಪಾಲು ಮಾಡಸೀನಿ. ಆಕಿ ಸಾಯೂತನಾ ಆಕಿ ಕೈಯಾಗಿನ ನೀರು ಮುಟ್ಟಿಲ್ಲ, ತಿಳೀತೇನು?"

"ಯವ್ವಾ," ಎಂದು ಮಗ ಸಣ್ಣಗೆ ಅಂದ. ಅವನ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಸಾಹೇಬರು ಮುಂದೆ ಬಾಗಿ, ಒಂದೊಂದೇ ಪದ ಜೋಡಿಸಿ ಕೇಳಿದರು. "ತಾಯಿ, ಹೊಲ ಪಾಲು ಆಯಿತೇ?"

ಮುದುಕಿ ಮಗನನ್ನು ನೋಡಿದಳು. ಅತ್ತೆಯನ್ನೂ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಆಗ್ಯಾದ್ರಿ. ಬದುವಿಗಿ ಕಲ್ಲು ನಾನೇ ನಿಂತು ಹಾಕಸೀನಿ."

ಹೊರಗೆ ಬಂದಾಗ ಮಗ ಸಿಟ್ಟಿನಲ್ಲಿ ಗಾಡಿ ಹೂಡಿಕೊಂಡು ತಾಯಿಯನ್ನು ಬಿಟ್ಟು ಹೊರಟೇಹೋಗಿದ್ದ. ಮುದುಕಿ ಅಂಗಳದ ನಡುವೆ ಒಬ್ಬಳೇ ನಿಂತಿದ್ದಳು. ಅತ್ತೆ ಹತ್ತಿರ ಹೋದರು.

"ಗಾಡಿ ಹತ್ತು, ಚಿಗವ್ವಾ."

"ನಿನ್ನ ಗಾಡಿ ನಾ ಹತ್ತಂಗಿಲ್ಲ."

"ಹಂಗಾದ್ರ ನಡಿ." ಅತ್ತೆ ಅವಳ ಜೊತೆ ನಡೆಯತೊಡಗಿದರು.

ಸುರಪುರದಿಂದ ರಂಗಂಪೇಟೆಯ ದಾರಿಯಲ್ಲಿ ಆ ಮಧ್ಯಾಹ್ನ ಹೋದವರು ಒಂದು ವಿಚಿತ್ರ ಕಂಡಿರಬೇಕು. ಮುಂದೆ ಇಬ್ಬರು ಹೆಂಗಸರು ಸತ್ತುಹೋದವಳ ಅಡಿಗೆಯ ಮೇಲೆ ಜಗಳ ಆಡುತ್ತ ಬಿಸಿಲಲ್ಲಿ ನಡೆಯುತ್ತಿದ್ದಾರೆ, ಹಿಂದೆ ಗಾಡಿ ಸಾವಕಾಶ ಬರುತ್ತಿದೆ. ಗಾಡಿಯಲ್ಲಿ ನಾನೂ ನಮ್ಮ ಮನೆಯವರೂ ನಗು ತಡೆಯಲಾರದೆ ಕೂತಿದ್ದೇವೆ. ಕೊನೆಗೆ ನನ್ನ ಮಗಳು ಅಳತೊಡಗಿದಳು. ಮುದುಕಿ ತಿರುಗಿ ನೋಡಿದಳು. "ಕೂಸಿಗಿ ಹಿಡಕೊಳ್ಳಾಕ ಬರಂಗಿಲ್ಲ ನಿನ್ನ ಸೊಸಿಗಿ," ಎಂದು ಗೊಣಗುತ್ತ ಗಾಡಿ ಹತ್ತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಗಾಡಿ ಹತ್ತಿದ್ದು ಕೂಸಿನ ಸಲುವಾಗಿ, ಇ‌ನ್ನಾವುದಕ್ಕೂ ಅಲ್ಲ!

ಮಗನ ಸಿಟ್ಟು ಇಳಿಯುವವರೆಗೆ ಚಿಗವ್ವ ನಮ್ಮ ಗುಡಿಸಲಲ್ಲೇ ಉಳಿದಳು. ಅತ್ತೆ ಮಾಡಿದ ಪ್ರತಿ ಪಲ್ಯಕ್ಕೂ ಒಂದು ಕೊರತೆ ಹೇಳಿ, ಬಟ್ಟಲು ಬಳಿದು ಉಣ್ಣುತ್ತಿದ್ದಳು. ಒಮ್ಮೆ ಅತ್ತೆ ಕೇಳಿಯೇಬಿಟ್ಟರು. "ಮಗನ ದಾವಾ ಕೆಡಿಸಿದಿ. ಯಾಕ ಹಂಗ ಅಂದಿ?"

"ಮತ್ತ? ನಿಮ್ಮವ್ವನ ಕೈಯಾಗಿಂದು ಉಂಡೀನಿ ಅಂತ ಸರಕಾರದಾಗ ಬರಸ್ಲೇನು?" ಎಂದಳು ಮುದುಕಿ.

ಅವಳು ತಿಳಿದೇ ಅಂದಳೋ ತಿಳಿಯದೆ ಅಂದಳೋ ಎಂದು ನಾನು ಇಂದಿಗೂ ಹೇಳಲಾರೆ. ಆ ಮನೆತನದ ಹೆಂಗಸರು ತಮ್ಮ ಒಳ್ಳೆಯತನವನ್ನು ಒಪ್ಪಿಕೊಳ್ಳುವುದಕ್ಕಿಂತ ಜಗಳಗಂಟಿ ಅನ್ನಿಸಿಕೊಳ್ಳುವುದೇ ಮೇಲು ಅನ್ನುವವರು.

ತೀರ್ಪಿನ ದಿನ ಸಾಹೇಬರು ಉರ್ದುವಿನಲ್ಲಿ ಓದಿದರು. ನಮ್ಮ ವಕೀಲರು ಬಾಗಿ ಹೇಳಿದರು. "ಗೆದ್ದಿರಿ ಅವ್ವಾ. ನಿಮ್ಮಪ್ಪನ ಪಾಲು ನಿಮಗ. ನಡೀರಿ." ಅತ್ತೆ ಕದಲಲಿಲ್ಲ.

"ಹೊಲದ್ದು ತಿಳೀತ್ರಿ ಸಾಹೇಬ್ರ. ಆ ಇನ್ನೊಂದು ಮಾತಿಗಿ ಏನಂದ್ರಿ? ನಮ್ಮಪ್ಪ ಮಕ್ಕಳಿಲ್ಲದ ಸತ್ತಾನ ಅಂತ ಬರಸಿದ್ರಲ್ರಿ, ಅದಕ್ಕ?"

ಎಲ್ಲರೂ ನೋಡುತ್ತಿದ್ದರು. ಸಾಹೇಬರು ಮುಂದಿನ ಕಾಗದಗಳನ್ನು ಬದಿಗೆ ಸರಿಸಿ, ತಾವು ಕಲಿತ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಮೃತರಿಗೆ ಮಗಳು ಇದ್ದಾಳೆ."

"ಅಷ್ಟೇ ಬೇಕಾಗಿತ್ರಿ," ಎಂದು ಅತ್ತೆ ಕೈಮುಗಿದು ಹೊರಬಂದರು. ನನಗೆ ಆ ಹೊತ್ತು ಎದೆ ಹೇಗೆ ಉಬ್ಬಿತು ಎಂದರೆ, ನಾನು ಈಕೆಯ ಸೊಸೆ ಎಂದು ಸುರಪುರದ ಬೀದಿಯಲ್ಲಿ ಕೂಗಿ ಹೇಳೋಣ ಅನ್ನಿಸಿತು.

ಹೊರಗೆ ಅತ್ತೆಯ ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅತ್ತೆ ನೇರವಾಗಿ ಅವನ ಮುಂದೆ ಹೋಗಿ ನಿಂತರು.

"ನಾಳಿಗಿ ಎತ್ತು ಹೊಡಕೊಂಡು ಬಾ. ಹೊಲ ನೀನೇ ಪಾಲಿಗಿ ಮಾಡು. ಶಹಾಪುರದಿಂದ ದಿನಾ ಬರೂದು ನನಗ ಆಗಂಗಿಲ್ಲ."

ಅವನಿಗೆ ನಂಬಿಕೆಯೇ ಬರಲಿಲ್ಲ. "ಅಕ್ಕಾ, ಹಂಗಿದ್ರ ಇಷ್ಟು ದಿನ ಯಾಕ ಹೊಡದಾಡಿದಿ?"

"ಮೊದಲ ಕೇಳಿದ್ರ ಅವತ್ತೇ ಕೊಡ್ತಿದ್ದೆ. ನೀ ಕೇಳಲಿಲ್ಲ. ನಂದು ಅಂತ ಆದಮ್ಯಾಲ ಕೊಡಾಕತ್ತೀನಿ. ಅರ್ಧಾ ರಾಶಿ ಮನಿಗಿ ಬರಬೇಕು, ನೀನೇ ಹೊತಗೊಂಡು ಬರಬೇಕು. ಮತ್ತ ನಿಮ್ಮವ್ವನ್ನ ಇವತ್ತೇ ಕರಕೊಂಡು ಹೋಗು. ನನ್ನ ಅಡಿಗಿಗಿ ಹೆಸರಿಟ್ಟು ಹೆಸರಿಟ್ಟು ಸಾಕು ಮಾಡ್ಯಾಳ."

ಗುಡಿಸಲಿನ ಸಾಮಾನು ಹೇರಿಕೊಂಡು ನಮ್ಮ ಗಾಡಿ ಶಹಾಪುರದ ದಾರಿ ಹಿಡಿಯಿತು. ನಮ್ಮ ಮನೆಯವರು ಹೊಡೆಯುತ್ತಿದ್ದರು. ಮಗಳು ನಿದ್ದೆ ಹೋಗಿದ್ದಳು. ಅತ್ತೆ ಬಹಳ ಹೊತ್ತು ಹಿಂದಕ್ಕೆ ಸರಿಯುವ ಹೊಲಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ಜರಾ ಸರಿಯವ್ವಾ," ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟು ಕಾಲು ಮಡಚಿಕೊಂಡು ಮಲಗಿದರು.

"ಸಣ್ಣಾಕಿದ್ದಾಗ ಹೊಲದಿಂದ ಬರೂಮುಂದ ಹಿಂಗೇ ಮಲಗ್ತಿದ್ದೆ," ಅಂದರು ಕಣ್ಣು ಮುಚ್ಚಿಯೇ. "ಎಚ್ಚರಾದೀತು ಅಂತ ಅಪ್ಪ ಗಾಡಿ ಸಾವಕಾಶ ಹೊಡೀತಿದ್ದ."

ಅವರ ತಲೆಗೂದಲಲ್ಲಿ ಇನ್ನೂ ಜೋಳದ ದೇಟಿನ ಧೂಳಿತ್ತು. ನಾನು ಅದನ್ನು ಬೆರಳಿನಿಂದ ಮೆಲ್ಲಗೆ ತೆಗೆಯುತ್ತ, ಮುಂದೆ ಕೂತ ನಮ್ಮ ಮನೆಯವರಿಗೆ ಹೇಳಿದೆ. "ಎತ್ತಿಗಿ ಬಾರಕೋಲು ತೋರಸಬ್ಯಾಡ್ರಿ. ಸಾವಕಾಶ ಹೋಗೂಣು."